ಶುಗರ್ ಅಳೆಯುವ ಅನಲೈಜರ್ ಕಟ್ಟಿ, ಅದು ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ

ಒಂದು ಎಲ್‌ಇಡಿ, ಒಂದು ಫೋಟೋಡಯೋಡ್ (ಬೆಳಕನ್ನು ಕರೆಂಟಾಗಿಸುವ ಬಿಡಿಭಾಗ), ಒಂದು ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡ್) ಸೇರಿಸಿ ರಕ್ತದ ಶುಗರ್ ಅಳೆಯುವ ಡಬ್ಬಿ ಕಟ್ಟಿದೆವು. ಸೀರಮ್ (ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದ ಮೊದಲ ದಿನವೇ ಸ್ಕ್ರೀನಿನ ಮೇಲೆ 112 ಅಂತ ಬಂತು. ಕುಣಿದಾಡಿದ್ದೊಂದೇ ಬಾಕಿ. ಪಕ್ಕದಲ್ಲಿ ನಿಂತಿದ್ದ ಲ್ಯಾಬ್ ಟೆಕ್ನಿಷಿಯನ್ ಅಕ್ಕ ಮಾತ್ರ ನಗಲಿಲ್ಲ. "ಅದೇ ಸ್ಯಾಂಪಲ್ಲು ಇನ್ನೊಂದ್ಸಲ ಮಾಡಿ" ಅಂದರು. ಮಾಡಿದೆವು. 131 ಬಂತು.

ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದರೆ ಡಯಾಬಿಟಿಸ್ ಅಂತ ಲೆಕ್ಕ. ನಮ್ಮ ಡಬ್ಬಿ ಒಂದೇ ರಕ್ತಕ್ಕೆ ಎರಡೂ ತೀರ್ಪು ಕೊಟ್ಟಿತ್ತು. ಕಟ್ಟಿದ್ದು ಎರಡೇ ವಾರದಲ್ಲಿ, ಅದರ ಮಾತು ನಂಬಬಹುದು ಅನ್ನುವ ಮಟ್ಟಕ್ಕೆ ತಂದಿದ್ದು ಐದು ತಿಂಗಳಲ್ಲಿ. ಆ ಐದು ತಿಂಗಳ ಕೆಲಸವೇ ಇಲ್ಲಿ ಜಾಸ್ತಿ ಇದೆ. ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಇಂಥದ್ದು ಮಾಡುವವರಿಗೆ, ಹೊಸ ಸೆಮಿ ಆಟೋ ಅನಲೈಜರ್ (ಸ್ಯಾಂಪಲ್ ಬೆರೆಸುವುದು ಕೈ, ಓದುವುದು ಯಂತ್ರ) ತಂದು ಅದನ್ನು ಪರೀಕ್ಷಿಸಬೇಕಾದ ಸಣ್ಣ ಲ್ಯಾಬಿನವರಿಗೆ ಉಪಯೋಗಕ್ಕೆ ಬರಬಹುದು.

ಮೊದಲೇ ಹೇಳಿಬಿಡುತ್ತೇನೆ. ಇದು ಕಲಿಯಲು ಕಟ್ಟುವ ಯಂತ್ರ. ಇದರ ರಿಸಲ್ಟ್ ನೋಡಿ ಯಾರೂ ಮಾತ್ರೆ ಬದಲಾಯಿಸಬೇಡಿ. ರಕ್ತದ ಸ್ಯಾಂಪಲ್ ಮುಟ್ಟುವಾಗ ಗ್ಲೌಸ್ ಇರಲಿ. ಲ್ಯಾಬಿನಲ್ಲಿ ಉಳಿದ ಸೀರಮ್ಮನ್ನು ಅನುಮತಿ ಪಡೆದು, ಹೆಸರು ತೆಗೆಸಿ, ಬರೀ ನಂಬರ್ ಹಾಕಿಸಿಕೊಂಡು ತನ್ನಿ.

ಹಂತ 1: ಎಷ್ಟು ತಪ್ಪು ಒಪ್ಪುತ್ತೀರಿ ಅಂತ ಮೊದಲೇ ಬರೆದಿಡಿ

ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ಒಂದು ಹಾಳೆ ತಗೊಳ್ಳಿ. ಏನು ಅಳೆಯುತ್ತೀರಿ, ಎಷ್ಟರಿಂದ ಎಷ್ಟರವರೆಗೆ, ಎಷ್ಟು ತಪ್ಪು ಬಂದರೆ ಸರಿ. ಈ ಮೂರು ಸಾಕು. ನಾವು ಬರೆದದ್ದು: ಸೀರಮ್ ಗ್ಲೂಕೋಸ್, 40ರಿಂದ 400, ನೂರಕ್ಕೆ 10. ಈ ಬರಹದಲ್ಲಿ ಬರುವ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು.

10 ಅನ್ನುವುದನ್ನು ಗಾಳಿಯಿಂದ ಹಿಡಿದದ್ದಲ್ಲ. ಅಮೆರಿಕದ ಲ್ಯಾಬುಗಳ ಪ್ರಾವೀಣ್ಯ ಪರೀಕ್ಷೆಯಲ್ಲಿ (ಉತ್ತರ ಹೇಳದೆ ಸ್ಯಾಂಪಲ್ ಕಳಿಸಿ ಲ್ಯಾಬನ್ನೇ ಪರೀಕ್ಷಿಸುವುದು) 2025ರಿಂದ ಗ್ಲೂಕೋಸಿಗೆ ಇರುವ ಮಿತಿ 6 ಮಿಲಿಗ್ರಾಂ ಅಥವಾ ನೂರಕ್ಕೆ 8, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಅದಕ್ಕೂ ಮೊದಲು ನೂರಕ್ಕೆ 10 ಇತ್ತು. ಮನೆಯ ಗ್ಲೂಕೋಮೀಟರಿಗೆ ಐಎಸ್ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇನ್ನೂ ಸಡಿಲ: 100 ಮತ್ತು ಅದಕ್ಕಿಂತ ಮೇಲೆ ನೂರಕ್ಕೆ 15, ಅದರ ಕೆಳಗೆ 15 ಮಿಲಿಗ್ರಾಂ. ನಮ್ಮದು ನಡುವೆ ಎಲ್ಲೋ ನಿಲ್ಲಲಿ ಅಂತ ಅಷ್ಟಕ್ಕೆ ನಿಲ್ಲಿಸಿದೆವು.

ಮೊದಲೇ ಯಾಕೆ ಬರೆಯಬೇಕು ಅಂದರೆ, ರಿಸಲ್ಟ್ ಬಂದ ಮೇಲೆ ಕೂತರೆ ಬಂದ ತಪ್ಪಿಗೆ ತಕ್ಕ ಹಾಗೆ ಮಿತಿ ಹಿಗ್ಗುತ್ತದೆ. ನಾನೇ ಹಿಗ್ಗಿಸಲು ಹೋಗಿದ್ದೆ. ಹಾಳೆಯಲ್ಲಿ ತಾರೀಕು, ಸಹಿ ಇದ್ದದ್ದಕ್ಕೆ ಆಗಲಿಲ್ಲ.

ಹಂತ 2: ಬೆಳಕಿನ ದಾರಿ

ಕೆಲಸ ಮಾಡುವ ರೀತಿ ಸರಳ. ಗ್ಲೂಕೋಸ್ ಆಕ್ಸಿಡೇಸ್ ಎಂಜೈಮು ಗ್ಲೂಕೋಸಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಪೆರಾಕ್ಸಿಡೇಸ್ ಅದನ್ನು ಬಳಸಿ ಗುಲಾಬಿ ಕೆಂಪು ಬಣ್ಣ ಮಾಡುತ್ತದೆ. ಲ್ಯಾಬಿನಲ್ಲಿ ಇದನ್ನೇ ಜಿಒಡಿ-ಪಿಒಡಿ ಕಿಟ್ ಅನ್ನುತ್ತಾರೆ. ಆ ಬಣ್ಣ 505 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಬಣ್ಣ ಗಾಢವಾದಷ್ಟೂ ಆಚೆ ದಾಟುವ ಬೆಳಕು ಕಡಿಮೆ.

505ರ ಎಲ್‌ಇಡಿ, ಬಿಪಿಡಬ್ಲ್ಯೂ34 ಫೋಟೋಡಯೋಡ್, ಒಂದು ಆಪ್-ಆಂಪ್ (ಡಯೋಡಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಚಿಪ್), 1 ಸೆಂಟಿಮೀಟರ್ ಕ್ಯುವೆಟ್ (ದ್ರಾವಣ ಹಾಕುವ ಪಾರದರ್ಶಕ ಚೌಕ ಪಾತ್ರೆ), ಎಲ್ಲ ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿದರೆ ಅಥವಾ ಆನ್‌ಲೈನಿನಲ್ಲಿ ಸಿಗುತ್ತವೆ. ಎಲ್‌ಇಡಿಗೆ ಬರೀ ರೆಸಿಸ್ಟರ್ ಹಾಕಿ ಯುಎಸ್‌ಬಿಯಿಂದ ಓಡಿಸಬೇಡಿ, ಸ್ಥಿರ ಕರೆಂಟಿನ ಸರ್ಕ್ಯೂಟ್ ಹಾಕಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೂ ಬೆಳಕು ಅಲುಗಾಡಬಾರದು. ಎಲ್‌ಇಡಿ ಬಿಸಿಯಾಗುತ್ತಾ ಹೋದಂತೆ ಅದರ ಬೆಳಕು ಕುಗ್ಗುತ್ತದೆ, ಹಾಗಾಗಿ ಆನ್ ಮಾಡಿ 15 ನಿಮಿಷ ಬಿಟ್ಟು ಆಮೇಲೆ ಓದಿ.

ಈಗ ಡಬ್ಬಿ. ನಾವು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸಿದೆವು. ಬೆಳಗ್ಗೆ ಸರಿಯಾಗಿ ಓದುತ್ತಿದ್ದದ್ದು ಹನ್ನೊಂದು ಗಂಟೆಗೆ ಕಿಟಕಿಯಿಂದ ಬಿಸಿಲು ಬಂದ ಕೂಡಲೇ ಹುಚ್ಚುಚ್ಚಾಗಿ ಆಡತೊಡಗಿತು. ಕೆಲವು ಕಪ್ಪು ಪ್ಲಾಸ್ಟಿಕ್ ಕಣ್ಣಿಗಷ್ಟೇ ಕಪ್ಪು, ಇನ್ಫ್ರಾರೆಡ್ಡಿಗೆ ಗಾಜಿನ ಹಾಗೆ. ಫೋಟೋಡಯೋಡಿಗೋ ಇನ್ಫ್ರಾರೆಡ್ ಅಂದರೆ ಪ್ರಾಣ. ಪರೀಕ್ಷೆ ಮಾಡುವುದು ಸುಲಭ: ಟಿವಿ ರಿಮೋಟಿನ ಮುಂದೆ ಆ ಪ್ಲಾಸ್ಟಿಕ್ ತುಂಡು ಹಿಡಿದು ಬಟನ್ ಒತ್ತಿ. ಚಾನೆಲ್ ಬದಲಾದರೆ ಆ ಪ್ಲಾಸ್ಟಿಕ್ ಬೇಡ. ನಾವು ಒಳಗೆ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ ಅದರ ಮೇಲೆ ಕಪ್ಪು ಬಣ್ಣ ಬಳಿದೆವು.

ಹಂತ 3: ಓದುವುದು, ಲೆಕ್ಕ ಹಾಕುವುದು

ಪ್ರತಿ ಸಲ ಮೂರು ಓದು ಬೇಕು. ಎಲ್‌ಇಡಿ ಆರಿಸಿ ಕತ್ತಲೆಯ ಓದು. ಬಣ್ಣ ಬರದ ಬರೀ ರಿಯೇಜೆಂಟ್ (ಕಿಟ್ಟಿನಲ್ಲಿ ಬರುವ ಎಂಜೈಮಿನ ದ್ರಾವಣ) ಹಾಕಿ ಬ್ಲ್ಯಾಂಕ್ ಓದು. ಆಮೇಲೆ ಸ್ಯಾಂಪಲ್ ಓದು. ಬ್ಲ್ಯಾಂಕಿನಿಂದಲೂ ಸ್ಯಾಂಪಲ್ಲಿನಿಂದಲೂ ಕತ್ತಲೆಯನ್ನು ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 10ರ ಲಾಗ್ ತೆಗೆದರೆ ಅಬ್ಸಾರ್ಬೆನ್ಸ್, ಅಂದರೆ ಬಣ್ಣ ಎಷ್ಟು ಬೆಳಕು ಹೀರಿತು ಅನ್ನುವ ಅಳತೆ. ಸ್ಯಾಂಪಲ್ಲಿನ ಅಬ್ಸಾರ್ಬೆನ್ಸನ್ನು 100ರ ಸ್ಟ್ಯಾಂಡರ್ಡಿನ (ಶುಗರ್ ಸರಿಯಾಗಿ 100 ಇರುವ ದ್ರಾವಣ) ಅಬ್ಸಾರ್ಬೆನ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಶುಗರ್.

ಆರ್ಡುಯಿನೋ ಊನೋದಲ್ಲಿರುವ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 10 ಬಿಟ್ಟಿನದು, ಅಂದರೆ 1024 ಮೆಟ್ಟಿಲು. ಬ್ಲ್ಯಾಂಕ್ 1000 ಓದಿದರೆ, ಅಬ್ಸಾರ್ಬೆನ್ಸ್ 1 ಇರುವ ಸ್ಯಾಂಪಲ್ 100 ಓದುತ್ತದೆ. ಅಲ್ಲಿ ಒಂದು ಮೆಟ್ಟಿಲಿನ ಬೆಲೆ 0.004. ಪರವಾಗಿಲ್ಲ. ಅಬ್ಸಾರ್ಬೆನ್ಸ್ 2ಕ್ಕೆ ಹೋದರೆ ಓದು ಬರೀ 10, ಒಂದು ಮೆಟ್ಟಿಲು ಜಾರಿದರೆ 0.04 ಹೆಚ್ಚುಕಡಿಮೆ. ನಾವು ಎಡಿಎಸ್1115 ಅನ್ನುವ 16 ಬಿಟ್ಟಿನ ಬೋರ್ಡ್ ಹಾಕಿದ್ದು ಇದಕ್ಕೇ.

ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಹಾಗಾಗಿ ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕು ಸ್ವಲ್ಪ ಒಳಗೆ ಸೋರಿದರೂ ಓದು ಏರಿಳಿಯುತ್ತದೆ. 10 ಮಿಲಿಸೆಕೆಂಡಿನ ಲೆಕ್ಕದಲ್ಲಿ, ಉದಾಹರಣೆಗೆ ಸರಿಯಾಗಿ 100 ಮಿಲಿಸೆಕೆಂಡಿನ ತುಂಬಾ ಓದಿ ಸರಾಸರಿ ತೆಗೆದರೆ ಆ ಏರಿಳಿತ ತಾನೇ ಅಳಿಸಿಹೋಗುತ್ತದೆ.

ಸರಾಸರಿ ತೆಗೆಯುವಾಗಲೇ ನಾವು ಬಿದ್ದದ್ದು. ಇನ್ನೂ 10 ಬಿಟ್ಟಿನ ಎಡಿಸಿಯಲ್ಲೇ ಇದ್ದ ಕಾಲ. 64 ಓದುಗಳನ್ನು ಕೂಡಿಸಿ ಭಾಗಿಸುವ ಕೋಡ್ ಬರೆದೆವು. ಬಣ್ಣದ ಸ್ಯಾಂಪಲ್ ಚೆನ್ನಾಗಿ ಓದುತ್ತಿತ್ತು, ಬ್ಲ್ಯಾಂಕ್ ಹಾಕಿದರೆ ಮೈನಸ್ 24! ವೈರಿಂಗ್ ಎಲ್ಲ ಬಿಚ್ಚಿ ಕಟ್ಟಿದೆವು. ಆಮೇಲೆ ಹೊಳೆಯಿತು. ಊನೋದಲ್ಲಿ ಸಾದಾ ಪೂರ್ಣಾಂಕ 16 ಬಿಟ್ಟಿನದು, 32767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಸ್ಯಾಂಪಲ್ 400 ಓದಿದರೆ 64 ಸಲಕ್ಕೆ 25600, ಹಿಡಿಸುತ್ತದೆ. ಬ್ಲ್ಯಾಂಕ್ 1000 ಓದಿದರೆ 64000. ಅದು ಸುತ್ತಿಕೊಂಡು ಮೈನಸ್ 1536 ಆಗುತ್ತದೆ, 64ರಿಂದ ಭಾಗಿಸಿದರೆ ಮೈನಸ್ 24. ಮೊತ್ತ ಇಡುವ ಜಾಗವನ್ನು 32 ಬಿಟ್ಟಿಗೆ ಬದಲಿಸಿದೆವು, ಮುಗಿಯಿತು. ಪುಣ್ಯಕ್ಕೆ ಮೈನಸ್ ಬಂದದ್ದಕ್ಕೆ ಗೊತ್ತಾಯಿತು. ಸುತ್ತಿಕೊಂಡು 300 ಅಂತ ಬಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಅದಕ್ಕೇ ಲೆಕ್ಕದ ಭಾಗವನ್ನು ಯಂತ್ರದಿಂದ ಬೇರೆ ಮಾಡಿ, ಕೈಯಲ್ಲಿ ಲೆಕ್ಕ ಹಾಕಿದ ಅಂಕಿಗಳನ್ನು ಕೊಟ್ಟು ಪರೀಕ್ಷಿಸಿ. ವಿಚಿತ್ರ ಅಂಕಿಗಳನ್ನೂ ಕೊಡಿ: ಸ್ಯಾಂಪಲ್ ಬ್ಲ್ಯಾಂಕಿಗಿಂತ ತಿಳಿಯಾಗಿದ್ದರೆ? ಸ್ಯಾಂಪಲ್ ಮತ್ತು ಕತ್ತಲೆ ಒಂದೇ ಇದ್ದರೆ? ಎಡಿಸಿ ತುದಿ ಮುಟ್ಟಿದ್ದರೆ? ಇಂಥ ಕಡೆ ಯಂತ್ರ ಸುಮ್ನೆ ಒಂದು ನಂಬರ್ ತೋರಿಸಬಾರದು, "ಓದಲಾಗಲಿಲ್ಲ" ಅನ್ನಬೇಕು. ಲೆಕ್ಕ ಹಾಕುವ ಮೊದಲಿನ ಕಚ್ಚಾ ಓದುಗಳನ್ನೆಲ್ಲ ಫೈಲಿನಲ್ಲಿ ಉಳಿಸಿ, ಕೋಡಿನ ವರ್ಷನ್ ನಂಬರ್ ಸಮೇತ.

ಹಂತ 4: ರಕ್ತಕ್ಕೆ ಮೊದಲು ಬಣ್ಣದ ನೀರು

ಕಿಟ್ಟಿಗೆ ದುಡ್ಡು ಖರ್ಚಾಗುತ್ತದೆ, ಬಣ್ಣದ ನೀರಿಗೆ ಇಲ್ಲ. ಅಡುಗೆಯ ಕೆಂಪು ಬಣ್ಣವನ್ನು ನೀರಿನಲ್ಲಿ ಕದಡಿ, ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಅರೆಕಾಲು ಹೀಗೆ ಐದು ದ್ರಾವಣ ಮಾಡಿ. ಅಬ್ಸಾರ್ಬೆನ್ಸ್ ಕೂಡ ಅದೇ ಪಾಲಿನಲ್ಲಿ ಇಳಿಯಬೇಕು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸ್ಕೇಲ್ ಇಟ್ಟು ನೋಡಿ.

ನಮ್ಮದು ಮೇಲಿನ ತುದಿಯಲ್ಲಿ ಬಾಗಿತ್ತು. ಬಹಳ ಸಲ ಇದರ ಹಿಂದೆ ಇರುವುದು ಕ್ಯುವೆಟ್ಟಿನ ಪಕ್ಕದಿಂದ, ದ್ರಾವಣ ದಾಟದೇ ಡಯೋಡಿಗೆ ಹೋಗುವ ಬೆಳಕು. ನೂರಕ್ಕೆ ಒಂದು ಪಾಲು ಸೋರಿದರೂ ಏನಾಗುತ್ತದೆ ನೋಡಿ. 0.3 ಇರಬೇಕಾದ್ದು 0.296 ಆಗುತ್ತದೆ, ಗೊತ್ತೇ ಆಗುವುದಿಲ್ಲ. 1.2 ಇರಬೇಕಾದ್ದು 1.14ಕ್ಕೆ ಇಳಿಯುತ್ತದೆ. 2 ಇರಬೇಕಾದ್ದು 1.7. ಜಿಒಡಿ-ಪಿಒಡಿಯಲ್ಲಿ 100ರ ಸ್ಟ್ಯಾಂಡರ್ಡ್ ಹೆಚ್ಚುಕಡಿಮೆ 0.3ರ ಆಸುಪಾಸು ಬರುತ್ತದೆ, ಹಾಗಾಗಿ 400 ಶುಗರ್ ಇರುವವರದ್ದು ಸುಮಾರು 385 ಅಂತ ತೋರಿಸುತ್ತದೆ. ಸ್ಟ್ಯಾಂಡರ್ಡ್ ಸರಿಯಾಗಿ ಬರುತ್ತಿದೆಯಲ್ಲ ಅಂತ ನಾವು ನೆಮ್ಮದಿಯಾಗಿರುತ್ತೇವೆ! ಕ್ಯುವೆಟ್ ಮುಂದೆ 3 ಮಿಲಿಮೀಟರ್ ತೂತಿನ ತಗಡು ಇಟ್ಟ ಮೇಲೆ ನಮ್ಮ ಗೆರೆ ನೇರವಾಯಿತು.

ಹಂತ 5: ತಪ್ಪು ಯಂತ್ರದ್ದಾ, ಕೈಯದ್ದಾ?

112 ಮತ್ತು 131ರ ಗುಟ್ಟು ಬಿಚ್ಚಿಕೊಂಡದ್ದು ಇಲ್ಲೇ.

ಕಿಟ್ಟಿನ ವಿಧಾನ ಹೀಗೆ: 1000 ಮೈಕ್ರೋಲೀಟರ್ ರಿಯೇಜೆಂಟ್, 10 ಮೈಕ್ರೋಲೀಟರ್ ಸೀರಮ್, 37 ಡಿಗ್ರಿಯಲ್ಲಿ 10 ನಿಮಿಷ (ನಿಮ್ಮ ಕಿಟ್ಟಿನ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ). 10 ಮೈಕ್ರೋಲೀಟರ್ ಅಂದರೆ ಒಂದು ಹನಿಗಿಂತಲೂ ಎಷ್ಟೋ ಚಿಕ್ಕದು. ಅದರಲ್ಲಿ ಅರ್ಧ ಮೈಕ್ರೋಲೀಟರ್ ಹೆಚ್ಚುಕಡಿಮೆಯಾದರೆ ಅಲ್ಲಿಗೇ ನೂರಕ್ಕೆ 5 ತಪ್ಪು. ಪಿಪೆಟ್ಟಿನ (ಅಳತೆಗೆ ಸರಿಯಾಗಿ ದ್ರವ ಎಳೆಯುವ ಸಾಧನ) ಟಿಪ್ಪಿನ ಹೊರಗೆ ಅಂಟಿದ ಸೀರಮ್ಮನ್ನು ಟಿಶ್ಯೂವಿನಿಂದ ಒರೆಸದಿದ್ದರೆ ಅಷ್ಟು ಹೋಗಿಯೇ ಹೋಗುತ್ತದೆ.

ಅದಕ್ಕೇ ಈ ಎರಡು ಪ್ರಯೋಗ ಬೇರೆ ಬೇರೆ ಮಾಡಿ. ಮೊದಲು ಒಂದೇ ಟ್ಯೂಬಿನಲ್ಲಿ ಬಣ್ಣ ಬರಿಸಿ, ಅದೇ ಕ್ಯುವೆಟ್ಟನ್ನು ತೆಗೆದು ಇಟ್ಟು ತೆಗೆದು ಇಟ್ಟು ಹತ್ತು ಸಲ ಓದಿ. ಇದರಲ್ಲಿ ಬರುವ ಏರಿಳಿತ ಯಂತ್ರದ್ದು. ಆಮೇಲೆ ಅದೇ ಸೀರಮ್ಮಿನಿಂದ ಹತ್ತು ಟ್ಯೂಬ್ ಬೇರೆ ಬೇರೆ ಮಾಡಿ ಒಂದೊಂದು ಸಲ ಓದಿ. ಇದರಲ್ಲಿ ಯಂತ್ರದ್ದೂ ಇದೆ, ಕೈಯದ್ದೂ ಇದೆ. ನಮ್ಮ ಮೊದಲ ಪ್ರಯೋಗದಲ್ಲಿ ಓದುಗಳು ಅಂಟಿಕೊಂಡ ಹಾಗೆ ಬಂದವು. ಎರಡನೆಯದರಲ್ಲಿ ಚೆಲ್ಲಾಪಿಲ್ಲಿ. ಎರಡು ವಾರದಿಂದ ಬೈಯುತ್ತಿದ್ದ ಎಲ್‌ಇಡಿಯದ್ದು ಏನೂ ತಪ್ಪಿರಲಿಲ್ಲ. ಅಕ್ಕ ಪಿಪೆಟ್ ಹಿಡಿಯುವುದನ್ನು ತೋರಿಸಿಕೊಟ್ಟರು: ಟಿಪ್ಪನ್ನು ಆಳಕ್ಕೆ ಮುಳುಗಿಸದೆ, ನಿಧಾನವಾಗಿ ಎಳೆದು, ಒರೆಸಿ, ರಿಯೇಜೆಂಟಿನೊಳಗೆ ಬಿಟ್ಟು, ಅದರಲ್ಲೇ ಎರಡು ಸಲ ಎಳೆದು ಬಿಟ್ಟು ತೊಳೆಯಬೇಕು. ದೊಡ್ಡ ಪಿಪೆಟ್ಟನ್ನು ತೂಕ ಮಾಡಿಯೇ ಪರೀಕ್ಷಿಸಬಹುದು, 1000 ಮೈಕ್ರೋಲೀಟರ್ ನೀರು ಹೆಚ್ಚುಕಡಿಮೆ 1 ಗ್ರಾಂ.

ಇನ್ನೊಂದು ಕಳ್ಳ: ಗುಳ್ಳೆ. ಕ್ಯುವೆಟ್ಟಿನ ಗೋಡೆಗೆ ಸಾಸಿವೆಯಷ್ಟು ಗುಳ್ಳೆ ಅಂಟಿದ್ದರೂ ಬೆಳಕು ಚೆದುರಿ ಓದು ಮೇಲೆ ಹೋಗುತ್ತದೆ. ಬೆರಳಿನಿಂದ ಟಪ್ ಅಂತ ತಟ್ಟಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಇಡಿ. ಕ್ಯುವೆಟ್ ಯಾವಾಗಲೂ ಒಂದೇ ಮುಖ ಮಾಡಿ ಇಡಿ, ಮೇಲ್ತುದಿಯಲ್ಲಿ ಮಾರ್ಕರಿನಿಂದ ಚುಕ್ಕಿ ಇಟ್ಟರೆ ಸಾಕು.

ಹಂತ 6: ಐದು ದಿನ, ದಿನಕ್ಕೆ ಐದು

ಒಂದೇ ದಿನದ ಓದುಗಳನ್ನು ನೋಡಿ ಯಂತ್ರವನ್ನು ಹೊಗಳಬೇಡಿ. ನಾಳೆ ಸೆಕೆ ಇರುತ್ತದೆ, ರಿಯೇಜೆಂಟ್ ಹಳತಾಗಿರುತ್ತದೆ, ಕೈ ಬೇರೆಯವರದಿರುತ್ತದೆ. ಲ್ಯಾಬುಗಳಲ್ಲಿ ಬಳಕೆಯಲ್ಲಿರುವ ಇಪಿ15 ಮಾರ್ಗಸೂಚಿಯ ಪ್ರಕಾರ ಐದು ದಿನ, ದಿನಕ್ಕೆ ಐದು ಸಲ ಓದಬೇಕು. ಅಂಗಡಿಯಲ್ಲಿ ಸಿಗುವ ಕಂಟ್ರೋಲ್ ಸೀರಮ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸೀರಮ್) ತನ್ನಿ, ನಾರ್ಮಲ್ ಒಂದು, ಹೈ ಒಂದು.

ಒಂದು ದಿನ 98, 101, 99, 103, 100 ಬಂತು ಅಂದುಕೊಳ್ಳಿ. ಸರಾಸರಿ 100.2. ಓದುಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆಯಾದ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಎಸ್‌ಡಿ 1.92. ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿವಿ, ಇಲ್ಲಿ ನೂರಕ್ಕೆ 1.9. ಒಂದು ದಿನದೊಳಗಿನ ಸಿವಿ ಬೇರೆ, ದಿನದಿಂದ ದಿನಕ್ಕೆ ಆಗುವ ಏರಿಳಿತವೂ ಸೇರಿದ ಸಿವಿ ಬೇರೆ. ಎರಡನೆಯದೇ ಸಾಮಾನ್ಯವಾಗಿ ಜಾಸ್ತಿ, ಪ್ರಾಮಾಣಿಕವಾದದ್ದೂ ಅದೇ.

ಹಂತ 7: ನಂಬಿಕಸ್ಥ ಯಂತ್ರದ ಪಕ್ಕ ನಿಲ್ಲಿಸಿ

ಕನಿಷ್ಠ 40 ಸ್ಯಾಂಪಲ್ ಬೇಕು, 40ರಿಂದ 400ರವರೆಗೆ ಹರಡಿಕೊಂಡಿರಬೇಕು. ಎಲ್ಲವೂ 90ರಿಂದ 110ರ ಒಳಗಿದ್ದರೆ ಪ್ರಯೋಜನವಿಲ್ಲ. ಪ್ರತಿಯೊಂದನ್ನೂ ನಿಮ್ಮ ಡಬ್ಬಿಯಲ್ಲೂ ಲ್ಯಾಬಿನ ಅನಲೈಜರಿನಲ್ಲೂ ಓದಿ, ಒಂದೇ ದಿನಕ್ಕೆ ಮುಗಿಸದೆ ಹಲವು ದಿನಕ್ಕೆ ಹಂಚಿ.

ನಮ್ಮ ಮೊದಲ ಸುತ್ತು ಪೂರ್ತಿ ನೀರುಪಾಲಾಯಿತು. ಡಬ್ಬಿ ಎಲ್ಲದರಲ್ಲೂ ಕಮ್ಮಿ ತೋರಿಸುತ್ತಿತ್ತು, ಕೆಲವದರಲ್ಲಿ ನೂರಕ್ಕೆ 25ರವರೆಗೆ. ಕಾರಣ ತಿಳಿದಾಗ ತಲೆ ಚಚ್ಚಿಕೊಂಡೆ. ಲ್ಯಾಬಿನವರು ಬೆಳಗ್ಗೆ 9ಕ್ಕೆ ಓದಿದ್ದರು. ನಾನು ಕಾಲೇಜು ಮುಗಿಸಿ ಮಧ್ಯಾಹ್ನ 2ಕ್ಕೆ ಹೋಗಿ, ಇನ್ನೂ ಬೇರ್ಪಡಿಸದೆ ಸ್ಟ್ಯಾಂಡಿನಲ್ಲಿ ಉಳಿದಿದ್ದ ಎರಡನೇ ಟ್ಯೂಬುಗಳಿಂದ ಸೀರಮ್ ತೆಗೆದಿದ್ದೆ. ರಕ್ತಕಣಗಳು ಟ್ಯೂಬಿನೊಳಗೂ ಶುಗರ್ ತಿನ್ನುತ್ತಲೇ ಇರುತ್ತವೆ, ರೂಮಿನ ಬಿಸಿಗೆ ಗಂಟೆಗೆ ನೂರಕ್ಕೆ 5ರಿಂದ 7. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದನ್ನು ತಡೆಯುತ್ತದೆ, ಆದರೆ ಮೊದಲ ಒಂದೆರಡು ಗಂಟೆ ಅದೂ ಪೂರ್ತಿ ತಡೆಯುವುದಿಲ್ಲ. ರಕ್ತ ತೆಗೆದ ಮೇಲೆ ಬೇಗನೆ ಬೇರ್ಪಡಿಸಿ, ಎರಡೂ ಯಂತ್ರದಲ್ಲಿ ಆದಷ್ಟು ಒಂದೇ ಹೊತ್ತಿಗೆ ಓದಿ.

ಡಬ್ಬಿ ಓದುವವರಿಗೆ ಲ್ಯಾಬಿನ ಉತ್ತರ ಮೊದಲೇ ತೋರಿಸಬೇಡಿ. ಗೊತ್ತಿದ್ದರೆ ಹೊಂದದ ಸ್ಯಾಂಪಲ್ ಮಾತ್ರ "ಮತ್ತೊಮ್ಮೆ ಮಾಡೋಣ" ಅನ್ನಿಸುತ್ತದೆ, ಹೊಂದಿದ್ದನ್ನು ಯಾರೂ ಮತ್ತೆ ಮಾಡುವುದಿಲ್ಲ. ನಮ್ಮ ಹುಡುಗರೂ ಹೀಗೇ ಮಾಡಿದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಮನಸ್ಸೇ ಹಾಗೆ.

ಅಂಕಿ ಸಿಕ್ಕ ಮೇಲೆ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಎಲ್ಲರೂ ಕೊರಿಲೇಶನ್ (ಎರಡು ಯಂತ್ರದ ಅಂಕಿಗಳು ಜೊತೆಜೊತೆಗೆ ಏರಿಳಿಯುತ್ತವೆಯೇ ಅನ್ನುವ ಅಳತೆ) 0.99 ಅಂತ ಬರೆದು ಮುಗಿಸುತ್ತಾರೆ. ಅದು ಸಾಲದು. ನಿಮ್ಮ ಡಬ್ಬಿ ಎಲ್ಲವನ್ನೂ ಎರಡು ಪಟ್ಟು ತೋರಿಸಿದರೂ ಕೊರಿಲೇಶನ್ 1 ಬರುತ್ತದೆ! 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದ ದಾರಿ ಸುಲಭವಾಗಿದೆ. ಪ್ರತಿ ಸ್ಯಾಂಪಲ್ಲಿಗೂ ಎರಡು ಓದಿನ ವ್ಯತ್ಯಾಸ ತೆಗೆಯಿರಿ. ಅಡ್ಡಕ್ಕೆ ಎರಡರ ಸರಾಸರಿ, ಉದ್ದಕ್ಕೆ ವ್ಯತ್ಯಾಸ ಇಟ್ಟು ಚುಕ್ಕಿ ಹಾಕಿ. ವ್ಯತ್ಯಾಸಗಳ ಸರಾಸರಿಗೆ 1.96 ಎಸ್‌ಡಿ ಕೂಡಿಸಿ, ಕಳೆದು ಎರಡು ಗೆರೆ ಎಳೆಯಿರಿ. ಸರಾಸರಿ ಮೈನಸ್ 3, ಎಸ್‌ಡಿ 4 ಅಂದುಕೊಂಡರೆ ಗೆರೆಗಳು ಮೈನಸ್ 10.8 ಮತ್ತು ಪ್ಲಸ್ 4.8. ಶುಗರ್ 100ರ ಹತ್ತಿರ ಮೈನಸ್ 10.8 ಅಂದರೆ ಹಾಳೆಯಲ್ಲಿ ಬರೆದ 10ನ್ನು ದಾಟಿತು, ಫೇಲ್. ಚುಕ್ಕಿಗಳು ಬಲಕ್ಕೆ ಹೋದಂತೆ ಬೀಸಣಿಗೆಯ ಹಾಗೆ ಅಗಲವಾಗುತ್ತಿದ್ದರೆ ಮಿಲಿಗ್ರಾಂ ಬಿಟ್ಟು ಪರ್ಸೆಂಟಿನಲ್ಲಿ ಹಾಕಿ ನೋಡಿ.

ದೂರ ನಿಂತ ಒಂದು ಚುಕ್ಕಿಯನ್ನು ಅಳಿಸುವ ಆಸೆ ಬಂದೇ ಬರುತ್ತದೆ. ಗುಳ್ಳೆ ಇತ್ತು, ಟಿಪ್ ಬಿತ್ತು ಅಂತ ಆಗಲೇ ಬರೆದಿಟ್ಟಿದ್ದರೆ ಸರಿ, ಇಲ್ಲದಿದ್ದರೆ ಅದು ಅಲ್ಲೇ ಇರಲಿ.

ಹಂತ 8: ಕೆಟ್ಟ ಸ್ಯಾಂಪಲ್ಲುಗಳು

ರಕ್ತ ಒಡೆದು ಕೆಂಪಾದ ಸೀರಮ್, ಕಾಮಾಲೆಯ ಹಳದಿ ಸೀರಮ್, ಊಟದ ಮೇಲೆ ತೆಗೆದ ಹಾಲಿನಂಥ ಸೀರಮ್. ಇವು ನಿಜ ಜೀವನದಲ್ಲಿ ಬಂದೇ ಬರುತ್ತವೆ, ಬಣ್ಣವನ್ನೇ ಓದುವ ಯಂತ್ರಕ್ಕೆ ಇವೇ ಪರೀಕ್ಷೆ. ವಿಟಮಿನ್ ಸಿ ಜಾಸ್ತಿ ಇದ್ದರೆ ಅದು ಪೆರಾಕ್ಸೈಡನ್ನು ನುಂಗಿ ಶುಗರನ್ನು ಕಮ್ಮಿ ತೋರಿಸುತ್ತದೆ. ಒಂದು ಒಳ್ಳೆಯ ಸೀರಮ್ಮನ್ನು ಎರಡು ಪಾಲು ಮಾಡಿ, ಒಂದಕ್ಕೆ ಅಡ್ಡಿ ಮಾಡುವ ವಸ್ತು, ಇನ್ನೊಂದಕ್ಕೆ ಅಷ್ಟೇ ನೀರು ಸೇರಿಸಿ ಓದಿ. ಎಷ್ಟರವರೆಗೆ ತಡೆಯುತ್ತದೆ ಅಂತ ಬರೆದಿಡಿ. ಅದಕ್ಕಿಂತ ಕೆಟ್ಟ ಸ್ಯಾಂಪಲ್ ಬಂದರೆ ಓದದೆ ವಾಪಸ್ ಕಳಿಸಿ.

ಹಂತ 9: ಪಾಸಾದ ಮೇಲೂ ದಿನಾ ಪರೀಕ್ಷೆ

ಪ್ರತಿ ಬೆಳಗ್ಗೆ ಎರಡೂ ಕಂಟ್ರೋಲ್ ಓದಿ ಲೀವಿ-ಜೆನಿಂಗ್ಸ್ ಚಾರ್ಟಿನಲ್ಲಿ (ದಿನದಿನದ ಓದು ಸರಾಸರಿಯಿಂದ ಎಷ್ಟು ದೂರ ಅಂತ ತೋರಿಸುವ ಗ್ರಾಫ್) ಚುಕ್ಕಿ ಇಡಿ. ಒಂದು ಚುಕ್ಕಿ 3 ಎಸ್‌ಡಿ ದಾಟಿದರೆ, ಅಥವಾ ಒಂದೇ ಕಡೆ ಎರಡು ಸತತವಾಗಿ 2 ಎಸ್‌ಡಿ ದಾಟಿದರೆ ಆ ದಿನದ ರಿಸಲ್ಟ್ ನಿಲ್ಲಿಸಿ ಕಾರಣ ಹುಡುಕಿ. ಇವು ವೆಸ್ಟ್‌ಗಾರ್ಡ್ ನಿಯಮಗಳಲ್ಲಿ ಎರಡು. ಕಂಟ್ರೋಲ್ ಸರಿ ಬರುವವರೆಗೂ ಮತ್ತೆ ಮತ್ತೆ ಓದುವುದು ಎಲ್ಲ ಕಡೆ ನಡೆಯುತ್ತದೆ, ನೀವು ಮಾಡಬೇಡಿ.

ಇದನ್ನು ಮಾರಬೇಕು, ರೋಗಿಗಳಿಗೆ ಬಳಸಬೇಕು ಅಂತ ಆಸೆ ಇದ್ದರೆ ದಾರಿ ಬೇರೆಯೇ ಇದೆ. ನಮ್ಮ ದೇಶದಲ್ಲಿ ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಪ್ರಕಾರ ಲೈಸೆನ್ಸ್ ಬೇಕು, ಸಾಫ್ಟ್‌ವೇರಿಗೆ ಐಇಸಿ 62304, ಅಪಾಯದ ಲೆಕ್ಕಕ್ಕೆ ಐಎಸ್ಒ 14971 ಅನ್ನುವ ಮಾನದಂಡಗಳನ್ನು ನೋಡಬೇಕು. ಇಲ್ಲಿ ಬರೆದದ್ದೆಲ್ಲ ಅದರ ಮೊದಲ ಮೆಟ್ಟಿಲು ಅಷ್ಟೇ.

ಕೊನೆಗೆ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ. ಕೋಡಿನ ವರ್ಷನ್, ಎಲ್‌ಇಡಿ ಹಾಕಿದ ದಿನ, ಯಾವ ಕಿಟ್, ಎಷ್ಟರಿಂದ ಎಷ್ಟರವರೆಗೆ ಪಾಸಾಗಿದೆ, ಯಾವತ್ತು. ಇವುಗಳಲ್ಲಿ ಒಂದು ಬದಲಾದರೂ ಚೀಟಿ ಕಿತ್ತು, ಹಂತ 4ರಿಂದ ಮತ್ತೆ ಶುರು ಮಾಡಿ. ನಮ್ಮ ಡಬ್ಬಿಯ ಮೇಲೆ ಈಗ ಇರುವುದು ಮೂರನೇ ಚೀಟಿ. ಅದರಲ್ಲಿ 60ರಿಂದ 350 ಅಂತ ಇದೆ, 400 ಅಂತ ಬರೆಯಲು ಅಕ್ಕ ಬಿಡಲಿಲ್ಲ.